ಗಂಡ ಸತ್ತಾಕಿಗೊಂದು ಮಷಿನ್

ಆ ದಿನವೂ ಅವರು ಓಣಿಯ ತುದಿಯಲ್ಲಿ ಕ್ಯಾಬ್ ನಿಲ್ಲಿಸಿ, ಜಕಾತ್ ಸಮಿತಿಯ ಸಭೆ ಮುಗಿಸಿಕೊಂಡು ಮನೆಗೆ ಬಂದರು. ನನ್ನ ಗಂಡ ಹಿಂಜವಾಡಿಯ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದರು. ವಿಜಯಪುರ ಬಿಟ್ಟು ಬಂದು ನಾವು ನೆಲೆಸಿದ್ದ ಕೊಂಢವಾದ ಓಣಿಯ ಸಮಿತಿಯಲ್ಲಿ ಸದಸ್ಯರೂ ಆಗಿದ್ದರು. ಉಳ್ಳವರು ವರ್ಷಕ್ಕೊಮ್ಮೆ ಉಳಿತಾಯದಿಂದ ತೆಗೆದು ಕೊಡಲೇಬೇಕಾದ ಪಾಲು ಜಕಾತ್. ಅದು ಕೊಡುವವರ ದೊಡ್ಡತನವಲ್ಲ, ಇಲ್ಲದವರ ಹಕ್ಕು ಎಂದು ರಂಜಾನಿನಲ್ಲಿ ಮೈಕ್ ಹಾಕಿ ಹೇಳುತ್ತಾರೆ. ಹಂಚುವಾಗ ಮೈಕಿನ ಜೊತೆ ಬ್ಯಾನರೂ ಬರುತ್ತದೆ. ಅದರ ತುಂಬ ಕೊಡುವವರ ಮುಖಗಳೇ.

"ಈ ಸಲ ಏನ್ ಠರಾವ್ ಆತ್ರಿ?" ಎಂದೆ.

"ಗಂಡ ಸತ್ತಾಕಿಗೆಲ್ಲಾ ಒಂದೊಂದು ಹೊಲಿಗಿ ಮಷಿನ್."

"ಹೊಲಿಯಾಕ ಬರದಿದ್ರ?"

"ಗಂಡ ಸತ್ತ ಕೂಡಲೇ ಬರತದ ಅಂತ ಅಧ್ಯಕ್ಷರ ನಂಬಿಕಿ."

ಇಬ್ಬರೂ ನಕ್ಕೆವು. ಕೊಟ್ಟ ಮೇಲೆ ಅದು ಪಡೆದವರ ಸ್ವತ್ತು, ಅವರು ಮಾರಿಕೊಂಡರೂ ನಾವು ಕೇಳುವಂತಿಲ್ಲ, ಅದೇ ನಿಯಮ ಎಂದು ಸಭೆಯಲ್ಲಿ ಹೇಳಿ ಬಂದಿದ್ದರಂತೆ. ಯಾರೂ ಕಿವಿಗೊಡಲಿಲ್ಲ ಎಂದು ಗೊಣಗುತ್ತ ಮಲಗಿದರು.

ಮರುದಿನ ಬೆಳಿಗ್ಗೆ ಕಂಪನಿಯ ಗೇಟಿನ ಮುಂದೆ ಕ್ಯಾಬ್ ನಿಲ್ಲಿಸಿದವರು ಕೆಳಗಿಳಿಯಲಿಲ್ಲ. ಹೃದಯ ನಿಂತುಹೋಗಿತ್ತು. ಗಾಡಿ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದೇ ಹೋಗಿದ್ದರು.

ಗಂಡನನ್ನು ಕಳೆದುಕೊಂಡ ನಮ್ಮ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಅದು ಇದ್ದತ್. ನಾನೂ ಕೂತೆ. ಕೂತಲ್ಲೇ ಜೋಳದ ರೊಟ್ಟಿ ಬಡಿದೆ. ಹಿಂಜವಾಡಿಯಲ್ಲಿ ನಮ್ಮ ವಿಜಯಪುರದ ಕಡೆಯ ಹುಡುಗರು ಉಣ್ಣುವ ಮೆಸ್ಸಿಗೆ ಮೊದಲಿನಿಂದಲೂ ನನ್ನ ರೊಟ್ಟಿಯೇ ಹೋಗುತ್ತಿತ್ತು. ಇನ್ನೂ ಅಷ್ಟು ಕೊಟ್ಟರೂ ತೆಗೆದುಕೊಳ್ಳುತ್ತೇವೆ ಎಂದು ಅವರು ಹೇಳಿ ಕಳಿಸಿದರು. ನನ್ನದು ಒಂದೇ ಹಂಚು ಕೂರುವ ಸಣ್ಣ ಒಲೆ. ದೊಡ್ಡದೊಂದು ಸಿಕ್ಕರೆ ಮಗಳ ಕಾಲೇಜು ನಿಲ್ಲುವುದಿಲ್ಲ. ನನ್ನ ಆರ್ಥಿಕ ನೀತಿ ಇಷ್ಟೇ. ಒಲೆ ಕೊಡಿ ಎಂದು ಮಗಳ ಕೈಯಲ್ಲಿ ಸಮಿತಿಗೆ ಹೇಳಿ ಕಳಿಸಿದೆ.

ಶುಕ್ರವಾರ ವೇದಿಕೆಗೆ ಬಂದು ಹೊಲಿಗೆ ಮಷಿನ್ ಸ್ವೀಕರಿಸಿ, ಖುದ್ದಾಗಿ ಬರುವುದು ಕಡ್ಡಾಯ ಎಂದು ಉತ್ತರ ಬಂತು. ಹೊಸ್ತಿಲು ದಾಟಬೇಡಿ ಎಂದು ಬಾಗಿಲಲ್ಲಿ ನಿಂತು ನನಗೆ ಬುದ್ಧಿ ಹೇಳಿಹೋದವರೂ ಇದೇ ಅಧ್ಯಕ್ಷರು. ಧರ್ಮದ ಪ್ರಕಾರ ನಾನು ಹೊರಡುವಂತಿಲ್ಲ, ಸಮಿತಿಯ ಪ್ರಕಾರ ಹೊರಡದೇ ಇರುವಂತಿಲ್ಲ. ಬಹಳ ಚರ್ಚೆಯಾಗಿ ಕೊನೆಗೆ ವೇದಿಕೆಯೇ ನನ್ನ ಮನೆಗೆ ಬಂತು: ಆರು ಗಂಡಸರು, ಬ್ಯಾನರು, ಫೋಟೋದವನು, ಮಷಿನ್. ನಾನು ಪರದೆಯ ಒಳಗೆ.

"ಭಾಬಿ, ಮಷಿನ್ ಭಾಳ ಛಲೋ ಅದ ರೀ," ಎಂದರು ನಮ್ಮ ಕಡೆಯವರೇ ಆದ ಕಾರ್ಯದರ್ಶಿ. "ಪರದೆ ಸಂದ್ಯಾಗಿಂದ ಕೈ ಅಷ್ಟ ಚಾಚ್ರಿ, ಫೋಟೋ ಸಲುವಾಗಿ."

"ನನಗ ಒಲಿ ಬೇಕಾಗಿತ್ರಿ, ಭಾಯಿ."

"ಒಲಿ ನಮ್ಮ ಯೋಜನೆದಾಗ ಇಲ್ರಿ."

"ಹೊಲಿಯಾಕ ಬರಂಗಿಲ್ರಿ ನನಗ."

"ಕಲ್ಕೊಂತಾರ ಬಿಡ್ರಿ, ಎಲ್ಲಾರೂ ಕಲ್ಕೊಂತಾರ," ಎಂದು ಅಧ್ಯಕ್ಷರು ನನ್ನ ಬಗ್ಗೆ ಕಾರ್ಯದರ್ಶಿಗೆ ಭರವಸೆ ಕೊಟ್ಟರು.

"ನಿಮ್ಮನ್ಯಾಗ ಯಾರ್ ಹೊಲೀತಾರ್ರೀ, ಚಾಚಾ?" ಎಂದಳು ಮಗಳು. ಯಾರೋ ಕೆಮ್ಮಿದರು.

ನಾನು ಕೈ ಚಾಚಲಿಲ್ಲ. ಹಾಗಾಗಿ ಫೋಟೋದಲ್ಲಿರುವುದು ಮಷಿನ್, ಆರು ಗಂಡಸರು, ಒಂದು ಪರದೆ. ಬಡ ವಿಧವೆ ಸ್ವಾವಲಂಬಿಯಾದ ಕ್ಷಣ ಎಂದು ಬರೆದು ಓಣಿಯ ಎಲ್ಲರ ಮೊಬೈಲಿಗೂ ಕಳಿಸಿದರು. ಪರದೆ ನನ್ನ ಗಂಡ ಆರಿಸಿ ತಂದದ್ದು. ಚೆನ್ನಾಗಿ ಬಂದಿದೆ.

ಮಾರಿ ಒಲೆ ಕೊಳ್ಳೋಣ ಎಂದು ನೋಡಿದರೆ, ಮಷಿನ್ನಿನ ಮೈಮೇಲೆ ಸಮಿತಿಯ ಹೆಸರಿದೆ. ಕೆಳಗೆ ಕೆಂಪು ಬಣ್ಣದಲ್ಲಿ 'ಮಾರಾಟಕ್ಕಲ್ಲ' ಎಂದು ಬರೆದಿದೆ. ಹಳೇ ಸಾಮಾನಿನವನು ಅದನ್ನು ಓದಿ ವಾಪಸ್ ಹೋದ. ಪಕ್ಕದ ಮನೆಯ ವಿಧವೆ ತನ್ನ ಮಷಿನ್ ಮೇಲೆ ಟಿ.ವಿ. ಇಟ್ಟಿದ್ದಾಳೆ. ನಾನು ರೊಟ್ಟಿ ಒಣಗಿಸುತ್ತೇನೆ. ನಮ್ಮ ಓಣಿಯ ಬಡತನ ಅಷ್ಟರಮಟ್ಟಿಗೆ ನಿವಾರಣೆಯಾಗಿದೆ.

ಇದ್ದತ್ ಮುಗಿಯಿತು. ಸಮಿತಿಯಲ್ಲಿ ನನ್ನ ಗಂಡನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಒಳ್ಳೆಯವರು, ಏನೂ ಮಾತಾಡುವುದಿಲ್ಲವಂತೆ. ಮೆಸ್ಸಿನವರು ಹೆಚ್ಚಿನ ರೊಟ್ಟಿಗೆ ಬೇರೆ ಮನೆ ಹುಡುಕುತ್ತಿದ್ದಾರೆ. ಮಗಳ ಕಾಲೇಜು ಮುಂದಿನ ತಿಂಗಳು ಶುರು. ದೊಡ್ಡ ಒಲೆ ಇನ್ನೂ ಇಲ್ಲ.