ಕನ್ನಡಿಯಲ್ಲಿ ಚಾವಣಿ ನೋಡುವ ಬಣ್ಣದಣ್ಣ

ಚಳಿಗಾಲ ಮುಗಿಯುತ್ತಾ ಬಂದಿದೆ. ಈಗಷ್ಟೇ ಬೆಳಕು ಹರಿದಿದೆ. ಶಾಲೆಯ ಸಭಾಂಗಣದಲ್ಲಿ ಬಣ್ಣದಣ್ಣ ಉದ್ದ ಕೋಲಿನ ರೋಲರ್ ಎತ್ತಿ ಚಾವಣಿಗೆ ಬಿಳಿ ಬಣ್ಣ ಬಳಿಯುತ್ತಿದ್ದಾರೆ. ಕಣ್ಣು ಮಾತ್ರ ಮೇಲಿಲ್ಲ. ಎದುರಿಗೆ ಹೆಂಡತಿಯ ತಮ್ಮ ಎರಡೂ ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾನೆ, ಚಾವಣಿ ಅದರೊಳಗಿದೆ. ಭಾವ ಒಂದು ಹೆಜ್ಜೆ ಮುಂದಿಟ್ಟರೆ ಭಾವಮೈದುನ ಒಂದು ಹೆಜ್ಜೆ ಹಿಂದಕ್ಕೆ.

ಇಷ್ಟು ಕಾಲ ಮೇಲೆ ನೋಡಿಯೇ ಅನ್ನ ದುಡಿದ ಕತ್ತು ಅದು. ಮೂಳೆಗಳ ನಡುವಿನ ಡಿಸ್ಕ್ ಸವೆದು ಬಲಗೈಗೆ ಬೆಂಕಿ ಹರಿದಂತಾಗುತ್ತಿತ್ತು. ಡಾಕ್ಟರು ಗಂಟಲ ಮುಂದಿನಿಂದ ಕೊಯ್ದು ಎರಡು ಕೃತಕ ಡಿಸ್ಕ್ ಕೂರಿಸಿದರು. ಕೈನೋವು ಹೋಯಿತು. ಜೊತೆಗೆ ದನಿಯೂ ಹೋಗಿ, ಒಂದು ಮಳೆಗಾಲ ಕಳೆದ ಮೇಲೆ ಒಡಕಲಾಗಿ ಮರಳಿತು. ತುತ್ತು ಇಳಿಯಲು ಇವತ್ತಿಗೂ ಗುಟುಕು ನೀರು ಬೇಕು. ಇದಕ್ಕೆಲ್ಲ ಒಗ್ಗಿಕೊಂಡರು. ಆಮೇಲೆ, ಆಡಬೇಕಾದ ಡಿಸ್ಕುಗಳ ಸುತ್ತ ಹೊಸ ಮೂಳೆ ಬೆಳೆದು ಕಚ್ಚಿ ಹಿಡಿಯಿತು. ಕತ್ತು ಮೇಲೇಳದಾಯಿತು.

"ಕೆಲವ್ರಿಗೆ ಹೀಗಾಗತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ಆ ಕೆಲವ್ರು ನಾನೇ ಅಂತ ಗೊತ್ತಿರ್ಲಿಲ್ಲ, ಅಷ್ಟೇ," ಎನ್ನುತ್ತಾರೆ.

ಚಾವಣಿ ಕೆಲಸ ಇನ್ನು ಇವರ ಕೈಲಿರಬೇಕೋ, ಬಾಗಿಲು ಕಿಟಕಿಗಳಿಗೆ ಇಳಿಯಬೇಕೋ ಎಂಬುದನ್ನು ಈ ಸಭಾಂಗಣ ನೋಡಿ ಮೇಸ್ತ್ರಿ ಹೇಳಲಿದ್ದಾರೆ.

ಕೊನೆಯ ಮೂಲೆಯಲ್ಲಿ ಒಂದು ಕಲೆ ಕಾಣುತ್ತದೆ. ಅಣ್ಣ ನಿಂತಲ್ಲೇ ನಿಂತು ಬಳಿಯುತ್ತಾರೆ. ಕಲೆ ಹೋಗುವುದಿಲ್ಲ. ಮತ್ತೆ ಬಳಿಯುತ್ತಾರೆ, ಮತ್ತೂ ಬಳಿಯುತ್ತಾರೆ. ಅಷ್ಟರಲ್ಲಿ ಮೇಸ್ತ್ರಿ ಬಂದು ಮೇಲೆ ನೋಡುತ್ತಾರೆ.

"ಏನಣ್ಣ, ಸೀಲಿಂಗ್‌ಗೆ ಚಳಿ ಅಂತ ಕಂಬಳಿ ಹೊದಿಸಿದ್ದೀರಾ?"

ಬಣ್ಣ ದಪ್ಪವಾಗಿ ಜೋತುಬಿದ್ದಿದೆ. ಕಲೆ ಇದ್ದದ್ದು ಕನ್ನಡಿಯ ಮೇಲೆ, ಭಾವಮೈದುನನ ಹೆಬ್ಬೆರಳಿನದು. ಮೂವರೂ ನಗುತ್ತಾರೆ. ನಗು ಮುಗಿದ ಮೇಲೆ ಮೇಸ್ತ್ರಿ, ಮುಂದಿನ ವಾರದಿಂದ ಚಾವಣಿ ಈ ನಿಮ್ಮ ಹುಡುಗನಿಗೆ, ಬಾಗಿಲು ನಿಮಗೆ ಎಂದು ಮೆಲ್ಲಗೆ ಹೇಳಿ ಹೋಗುತ್ತಾರೆ.

ಅಣ್ಣ ರೋಲರ್ ತೊಳೆಯುತ್ತಾ ಕೂರುತ್ತಾರೆ. ತಪ್ಪೇನೂ ಇಲ್ಲ, ಚಾವಣಿ ಕೆಲಸ ನೀನೇ ತಗೋ ಎಂದು ಭಾವಮೈದುನನಿಗೆ ಹೇಳುತ್ತಾರೆ. ಅವನು ತಲೆ ಎತ್ತುವುದಿಲ್ಲ.

"ನಾನಿಲ್ಲಿದ್ರೆ ತಾನೇ ಭಾವ, ನಂಗೆ ಕೊಡೋದು?"

ಬಣ್ಣದಣ್ಣನಿಗೆ ದೊಡ್ಡ ಆಸೆಯೇನಿಲ್ಲ. "ಇನ್ನೊಂದು ಸೀಲಿಂಗ್ ನೀಟಾಗಿ ಮುಗಿಸ್ಬೇಕು. ಆಮೇಲೆ ಬಾಗ್ಲಾದ್ರೂ ಸರಿ, ಕಿಟಕಿಯಾದ್ರೂ ಸರಿ."

ಶನಿವಾರ ಬೆಳಿಗ್ಗೆ ಭಾವಮೈದುನ ಬೇರೆ ಮೇಸ್ತ್ರಿಯ ಬಳಿ ಕೆಲಸಕ್ಕೆ ಹೊರಟುಹೋದ. ಹೋಗುವ ಮುಂಚೆ ಕನ್ನಡಿಯನ್ನು ಚೆನ್ನಾಗಿ ಒರೆಸಿ, ಅಕ್ಕನ ಕೈಗೆ ಕೊಟ್ಟ.