ಗೇಟಿನಾಚೆಯ ಊರು

ನಮ್ಮ ದೊಡ್ಡಪ್ಪ ರಾತ್ರಿ ಬಸ್ಸಿನ ಡ್ರೈವರ್ ಆಗಿದ್ದವರು. ಸಂಜೆ ನಮ್ಮೂರಿನಿಂದ ಹೊರಟು, ಬೆಳಕು ಹರಿಯುವ ಹೊತ್ತಿಗೆ ಬಸ್ಸನ್ನು ದೂರದ ದೊಡ್ಡ ನಗರ ಮುಟ್ಟಿಸಿ, ಮತ್ತೆ ಕತ್ತಲಾದ ಮೇಲೆ ವಾಪಸು ತರುವುದು ಅವರ ಕೆಲಸ. ಮೀಸೆ ಕಪ್ಪಗಿದ್ದಾಗ ಹಿಡಿದ ಸ್ಟಿಯರಿಂಗನ್ನು ಅದು ಪೂರ್ತಿ ಬೆಳ್ಳಗಾದ ಮೇಲೆಯೇ ಬಿಟ್ಟರು. ಬೀದಿಯಲ್ಲಿ ಯಾರಾದರೂ ಆ ನಗರದ ಮಾತೆತ್ತಿದರೆ ಸಾಕು, ದೊಡ್ಡಮ್ಮ, “ನಮ್ಮನೆಯವರನ್ನ ಕೇಳಿ. ಆ ಊರನ್ನ ಅರೆದು ಕುಡಿದುಬಿಟ್ಟಿದ್ದಾರೆ,” ಎನ್ನುತ್ತಿದ್ದಳು.

ನಿವೃತ್ತಿಯಾದ ವರ್ಷ ಅವಳು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದಳು: “ಇಷ್ಟು ದಿನ ಒಬ್ಬರೇ ನೋಡಿದ್ದಾಯ್ತು. ನನಗೂ ಒಂದು ಸಲ ತೋರಿಸಿ.”

ದೊಡ್ಡಪ್ಪ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಮಂಡಿನೋವು, ಬಿಸಿಲು, ಮನೆಗೆ ಕಾವಲಿಲ್ಲ ಎಂದು ಒಂದೊಂದು ನೆಪ ಹೇಳಿ ಮುಂದೂಡಿದರು. ಕೊನೆಗೆ ಅವಳೇ ಹೋಗಿ ಟಿಕೆಟ್ ತಂದಳು.

ಬಸ್ಸಿನಲ್ಲಿ ತಿರುವು ಬಂದಾಗಲೆಲ್ಲ ದೊಡ್ಡಪ್ಪನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತಂತೆ. ಬೆಳಿಗ್ಗೆ ಡಿಪೋದಲ್ಲಿ ಇಳಿದಾಗ ಮೆಕ್ಯಾನಿಕ್ಕುಗಳು ಎಣ್ಣೆಗೈ ಒರೆಸಿಕೊಂಡು ಬಂದು ಮಾತಾಡಿಸಿದರು. ದೊಡ್ಡಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಗೇಟು ದಾಟಿದವರೇ ದೊಡ್ಡಪ್ಪ ಬಲು ಠೀವಿಯಿಂದ ಎಡಕ್ಕೆ ತಿರುಗಿದರು. ಗೋದಾಮುಗಳ ಗೋಡೆ ಮುಗಿಯಿತು, ಟೈರು ಅಂಗಡಿಗಳ ಸಾಲು ಮುಗಿಯಿತು, ಒಂದು ಓಣಿ ಬಂತು. ಓಣಿ ಮುಗಿದಾಗ ಎದುರಿಗೆ ಅದೇ ಡಿಪೋದ ಗೇಟು.

ದೊಡ್ಡಪ್ಪ ನಿಂತು ಕತ್ತಿನ ಬೆವರು ಒರೆಸಿಕೊಂಡರು.

“ನನಗೆ ಈ ಗೇಟಿನ ತನಕ ಮಾತ್ರ ಗೊತ್ತು ಕಣೇ.”

“ಹಾಗಂದ್ರೆ?”

“ಬಂದ ತಕ್ಷಣ ಸ್ನಾನ ಮಾಡಿ, ಮೇಲಿನ ರೂಮಲ್ಲಿ ಕಣ್ಣಿಗೆ ಟವೆಲ್ ಕಟ್ಕೊಂಡು ಮಲಗಿಬಿಡ್ತಿದ್ದೆ. ಹಗಲು ಊರು ಸುತ್ತಿದ್ರೆ ರಾತ್ರಿ ಕಣ್ಣು ಎಳೆಯುತ್ತೆ. ಹಿಂದೆ ಒಂದು ಬಸ್ಸು ಜನ ನನ್ನ ನಂಬಿ ಮಲಗಿರ್ತಾರಲ್ಲ.”

ದೊಡ್ಡಮ್ಮ ತಲೆಯೆತ್ತಿ ನೋಡಿದಳು. ಡಿಪೋದ ಮಹಡಿಯಲ್ಲಿ ರಟ್ಟು ಬಡಿದ ಕಿಟಕಿಯೊಂದು ಕಾಣುತ್ತಿತ್ತು. ತಾನು ಮನೆಯಲ್ಲಿ ಒಬ್ಬಳೇ ಮಕ್ಕಳನ್ನು ಸಂಭಾಳಿಸುವಾಗ, ‘ಇವರಿಗೇನು, ಆರಾಮಾಗಿ ಊರು ತಿರುಗುತ್ತಿರುತ್ತಾರೆ’ ಎಂದು ಅದೆಷ್ಟು ಸಲ ಹೊಟ್ಟೆ ಉರಿದುಕೊಂಡಿದ್ದಳೋ.

“ಒಳ್ಳೇದೇ ಆಯ್ತು ಬಿಡಿ. ಇಬ್ಬರೂ ಹೊಸಬರು,” ಎಂದು ಮುಂದೆ ಹೊರಟಳು.

ಆಮೇಲೆ ದಾರಿ ಕೇಳುವ ಕೆಲಸ ಅವಳದಾಯಿತು. ದೊಡ್ಡಪ್ಪನಿಗೆ ಸಂಕೋಚ; ಇವಳದು ಕಲ್ಲನ್ನೂ ಮಾತಾಡಿಸುವ ಬಾಯಿ. ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸೊಬ್ಬಳು, “ನೋಡೋದೇ ಆದ್ರೆ ದೊಡ್ಡ ರಸ್ತೆ ಬಿಡಿ ಅಕ್ಕ. ಮೆಟ್ಟಿಲು ಓಣಿ ಹಿಡೀರಿ, ಹೊಳೆಗೆ ಹೋಗುತ್ತೆ,” ಎಂದಳು. ಆ ಓಣಿಯಲ್ಲಿ ಅಂಗಿಯ ಗುಂಡಿಗಳನ್ನಷ್ಟೇ ಮಾರುವ ಅಂಗಡಿಯಿತ್ತು. ಬೆತ್ತದ ಕುರ್ಚಿ ಹೆಣೆಯುವ ಮುದುಕನೊಬ್ಬ, ಗಟ್ಟಿಯಿದೆಯೇ ನೋಡಿ ಎಂದು ದೊಡ್ಡಪ್ಪನನ್ನು ಕೂರಿಸಿದ. ಅವರು ಏಳುವ ಲಕ್ಷಣವೇ ಕಾಣಲಿಲ್ಲ.

“ಏಳಿ, ಅದು ಮಾರೋಕಿಟ್ಟಿರೋ ಕುರ್ಚಿ,” ಎಂದಳು ದೊಡ್ಡಮ್ಮ.

ಮೆಟ್ಟಿಲು ಇಳಿದಲ್ಲಿ ಹೊಳೆ, ಹೊಳೆಗೊಂದು ಸೇತುವೆ. ಅದರ ನಡುವಿಗೆ ಬಂದಾಗ ಬಸ್ಸೊಂದು ಪಕ್ಕದಲ್ಲೇ ಹಾದುಹೋಯಿತು. ರಸ್ತೆಯ ಕಬ್ಬಿಣದ ಪಟ್ಟಿಗಳು ಧಡ್ ಧಡ್ ಎಂದವು. ದೊಡ್ಡಪ್ಪ ತಟ್ಟನೆ ನಿಂತರು.

“ಇದು ನಾನು ಬಸ್ಸು ದಾಟಿಸ್ತಿದ್ದ ಸೇತುವೆ. ಈ ಸದ್ದು ಬಂತಂದ್ರೆ ಊರು ಬಂತು ಅಂತ. ಕೆಳಗೆ ಇಷ್ಟೊಂದು ನೀರಿದೆ ಅಂತ ಗೊತ್ತೇ ಇರಲಿಲ್ಲ.”

“ನೋಡೋಕೇನಾಗಿತ್ತು?”

“ಕಣ್ಣು ರಸ್ತೆ ಬಿಟ್ಟು ಹೋಗಬಾರದಲ್ಲ.”

“ಈಗ ನೋಡಿ. ಯಾರೂ ಅವಸರ ಮಾಡಲ್ಲ.”

ಕಟ್ಟೆಗೆ ಮೊಣಕೈ ಊರಿ ಅವರು ಬಹಳ ಹೊತ್ತು ನೋಡಿದರು. ದಡದಲ್ಲಿ ಯಾರೋ ದೋಣಿಯನ್ನು ಬೋರಲು ಹಾಕಿ ಬಣ್ಣ ಬಳಿಯುತ್ತಿದ್ದರು. ದೊಡ್ಡಮ್ಮ ಅವರ ಕೈಮೇಲೆ ಕೈಯಿಟ್ಟಳು. ನಾಲ್ಕು ಜನರೆದುರು ಹಾಗೆ ಮಾಡಿದ್ದು ಅದೇ ಮೊದಲಂತೆ. ನನಗೆ ಹೇಳುವಾಗಲೂ ನಾಚಿಕೊಂಡಳು.

ಒಂದು ದಿನಕ್ಕೆಂದು ಹೋದವರು ವಾರ ಕಳೆದು ಬಂದರು. ಈಗ ಕೈಕಾಲು ನೆಟ್ಟಗಿದ್ದಾಗಲೆಲ್ಲ ಗೊತ್ತಿಲ್ಲದ ಯಾವುದಾದರೊಂದು ಊರಿಗೆ ಹೊರಟುಬಿಡುತ್ತಾರೆ. ಮೊನ್ನೆ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದೆ.

“ತಡಿಯಮ್ಮ,” ಎಂದರು ದೊಡ್ಡಪ್ಪ, “ಅದನ್ನೇ ಕೇಳ್ಕೊಂಡು ಬರೋಕೆ ನಿಮ್ಮ ದೊಡ್ಡಮ್ಮ ಹೋಗಿದ್ದಾಳೆ.”