ಛಾಯಾ ಹಾಕಿದ ಸಹಿ

ಛಾಯಾ ಅವರಿಗೆ ಹದಿನಾಲ್ಕು ವಾರಗಳ ಸಂಬಳ ಬರಬೇಕು. 2009ರದ್ದು, ಇನ್ನೂ ಬಂದಿಲ್ಲ. ಅಮೆರಿಕದ ಡೆಟ್ರಾಯಿಟ್ ಬಳಿಯ ಸಣ್ಣ ಕಾಲೇಜೊಂದರಲ್ಲಿ ಅವರು ಫುಟ್‌ಬಾಲ್ ಆಟಗಾರರಿಗೆ ಗಣಿತ ಹೇಳಿಕೊಡುತ್ತಿದ್ದರು. ಗಂಡನ ಕಾರು ಕಂಪನಿಯ ಕೆಲಸ ಹೋದ ಮೇಲೆ ಮನೆಯ ಕಂತು ಕಟ್ಟುತ್ತಿದ್ದದ್ದು ಆ ಸಂಬಳದಲ್ಲೇ. ಅದೇ ವರ್ಷ ಕಾಲೇಜಿಗೆ ದೊಡ್ಡ ಕಾಲೇಜುಗಳ ಜೊತೆ ಮೇಲಿನ ಡಿವಿಷನ್‌ನಲ್ಲಿ ಆಡುವ ಹುಚ್ಚು ಹತ್ತಿತು. ಹೊಸ ಕೋಚ್, ವಿಮಾನದ ಟಿಕೆಟ್, ಸ್ಕಾಲರ್‌ಶಿಪ್ ಎಂದು ದುಡ್ಡು ಸುರಿದು ಬೊಕ್ಕಸ ಬರಿದಾಯಿತು.

ಕ್ರೀಡಾ ಕಚೇರಿಯ ಗುಮಾಸ್ತ ಕೇಶವ್ ಒಂದು ಫಾರಂ ತಂದ. "ಆಂಟಿ, ಈ ಸೆಮಿಸ್ಟರ್ ವಾಲಂಟಿಯರ್ ಅಂತ ಸೈನ್ ಮಾಡಿ. ಟೀಮ್ ಮೇಲಿನ ಡಿವಿಷನ್‌ಗೆ ಹೋದ್ಮೇಲೆ ಸಂಬಳ ಎಲ್ಲಾ ಸೇರಿಸಿ ಕೊಡ್ತಾರೆ."

"ಕನ್ನಡ ಕೂಟದ ಯುಗಾದಿ ಊಟ ಬಡಿಸೋದಕ್ಕೆ ವರ್ಷಾವರ್ಷ ಇಂಥದ್ದೇ ತುಂಬ್ತೀನಲ್ಲೋ, ಕೊಡು," ಎಂದು ನಗುತ್ತ ಛಾಯಾ ಓದದೆ ಸಹಿ ಹಾಕಿದರು.

ತಂಡ ಮೇಲೇರಿತು, ಆಡಿದ್ದೆಲ್ಲ ಸೋತಿತು. ಸಂಬಳ ಕೇಳಲು ಹೋದರೆ ಕಾಲೇಜಿನವರು ಅದೇ ಫಾರಂ ಮುಂದಿಟ್ಟರು: ಸ್ವಯಂಸೇವೆಗೆ ಸಂಬಳವಿಲ್ಲ.

"ಯುಗಾದಿಗೆ ಬಡಿಸೋದಕ್ಕೆ ಹೋದವಳಿಗೆ ಕೊನೆಗೆ ಊಟಾನಾದ್ರೂ ಹಾಕ್ತಿದ್ರು," ಎಂದಷ್ಟೇ ಹೇಳಿ ಛಾಯಾ ಹೊರಬಂದರು. ಆ ಚಳಿಗಾಲದಲ್ಲೇ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದ ಅವರ ಮನೆ ಬ್ಯಾಂಕಿನ ಪಾಲಾಯಿತು.

ಕಾಲೇಜು ಪಂದ್ಯಗಳಿಗೆ ಹೋಗಿ ಚಪ್ಪಾಳೆ ತಟ್ಟುವವರೇ, ಈ ಸಲ ಗೇಟಿನಲ್ಲಿ ನಿಂತು ಕೇಳಿ: ಈ ಹುಡುಗರಿಗೆ ಪಾಠ ಹೇಳಿದವರ ಕೂಲಿ ಕೊಟ್ಟಿದ್ದೀರಾ? ಉತ್ತರ ಬರುವವರೆಗೆ ಟಿಕೆಟ್ ಕೊಳ್ಳಬೇಡಿ.